ಮೀನೆಣ್ಣೆ ಬಿಟ್ಟರೆ ಯಾವ ಎಣ್ಣೆ? ಕೊಳದ ಮೀನಿನ ಮೇವಿನ ಲೆಕ್ಕ

ಪ್ರಶ್ನೆ: ಬೇಲೂರು ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ಅರ್ಧ ಎಕರೆಯ ಕೊಳ ತೋಡಿಸಿ ಗಿಫ್ಟ್ (ಬೇಗ ಬೆಳೆಯುವಂತೆ ಸುಧಾರಿಸಿದ ತಳಿ) ತಿಲಾಪಿಯಾ ಸಾಕುತ್ತಿದ್ದೇವೆ. ತೋಟದ ಹಳೆಯ ಕೆರೆಯಲ್ಲಿ ಕಟ್ಲಾ, ರೋಹು, ಸಾಮಾನ್ಯ ಗೆಂಡೆ ಇವೆ. ಸಣ್ಣ ಪೆಲೆಟ್ ಯಂತ್ರ ಇಟ್ಟುಕೊಂಡು ಮೇವು ನಾವೇ ಮಾಡುತ್ತೇವೆ. ನೂರು ಕೆ.ಜಿ. ಮೇವಿಗೆ 4 ಕೆ.ಜಿ. ಮೀನೆಣ್ಣೆ ಸೇರಿಸುವುದು ರೂಢಿ. ಈಗ ಅದರ ಬೆಲೆ ಏರಿದೆ, ಕರಾವಳಿಯಿಂದ ತರಿಸಿದ ಎಣ್ಣೆ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಸೂರ್ಯಕಾಂತಿ, ಕಡಲೆಕಾಯಿ, ಪಾಮ್, ತೆಂಗು, ಅಗಸೆ ಇವುಗಳಲ್ಲಿ ಯಾವುದು ಆಗಬಹುದು? ಹೋಟೆಲಿನ ಕರಿದ ಎಣ್ಣೆ ಅಗ್ಗಕ್ಕೆ ಸಿಗುತ್ತದೆ, ಹಾಕಬಹುದೇ? ಬೆಳವಣಿಗೆ, ರುಚಿ ಕೆಡುತ್ತವೆಯೇ? ಮುಂದಿನ ವರ್ಷ ಕೊರವ (ಮುರ್ರೆಲ್) ಮೀನಿನ ಮರಿ ಬಿಡುವ ಯೋಚನೆಯೂ ಇದೆ.

ಉತ್ತರ:

ಮೊದಲು ತೀರ್ಮಾನ ಹೇಳಿಬಿಡುತ್ತೇವೆ. ಕೆರೆಯ ಕಟ್ಲಾ, ರೋಹು, ಗೆಂಡೆಗೆ ಮೀನೆಣ್ಣೆಯೂ ಬೇಡ, ಅದರ ಬದಲಿಗೆ ಬೇರೆ ಎಣ್ಣೆಯೂ ಬೇಡ. ತಿಲಾಪಿಯಾಕ್ಕೆ ಮೀನೆಣ್ಣೆಯನ್ನು ಪೂರ್ತಿ ನಿಲ್ಲಿಸಬಹುದು. ಆದರೆ ಆ ಜಾಗಕ್ಕೆ ಸೂರ್ಯಕಾಂತಿಯನ್ನೋ ಪಾಮನ್ನೋ ಒಂದನ್ನೇ ಸುರಿಯಬೇಡಿ. ಎರಡು ಪಾಲು ಸೋಯಾ ಎಣ್ಣೆಗೆ ಒಂದು ಪಾಲು ಅಗಸೆ ಎಣ್ಣೆ ಸೇರಿಸಿ. ನೂರು ಕೆ.ಜಿ.ಗೆ 4 ಕೆ.ಜಿ. ಬೇಕಾಗಿಲ್ಲ, 3 ಸಾಕು. ಕೊರವಕ್ಕೆ ಮೀನೆಣ್ಣೆಯನ್ನು ಅರ್ಧದಷ್ಟಾದರೂ ಉಳಿಸಿಕೊಳ್ಳಬೇಕು. ಕರಿದ ಎಣ್ಣೆ ಯಾವ ಮೀನಿಗೂ ಬೇಡ. ಯಾವ ಎಣ್ಣೆ ಆರಿಸಿದರೂ ಅದು ಹಳಸಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಎಣ್ಣೆ ಬದಲಾಯಿಸಿ ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಸೋತದ್ದು ಎಣ್ಣೆಯ ಜಾತಿ ಆರಿಸುವುದರಲ್ಲಲ್ಲ, ತಾಜಾತನದಲ್ಲಿ.

ಮೇವಿನಲ್ಲಿ ಎಣ್ಣೆಗೆ ಎರಡು ಕೆಲಸ. ಒಂದು, ಶಕ್ತಿ ಕೊಡುವುದು. ಎಣ್ಣೆಯಿಂದ ಶಕ್ತಿ ಸಿಕ್ಕರೆ ಮೀನು ದುಬಾರಿ ಪ್ರೋಟೀನನ್ನು ಉರಿಸದೆ ಮಾಂಸ ಕಟ್ಟಲು ಬಳಸುತ್ತದೆ. ಈ ಕೆಲಸಕ್ಕೆ ಮೀನೆಣ್ಣೆಯೇ ಆಗಬೇಕೆಂದಿಲ್ಲ. ಎರಡನೆಯದು, ಮೀನು ತಾನೇ ತಯಾರಿಸಿಕೊಳ್ಳಲಾಗದ ಕೊಬ್ಬಿನಾಮ್ಲಗಳನ್ನು ಒದಗಿಸುವುದು. ಇವು ಎರಡು ಗುಂಪು: ಒಮೆಗಾ-6ರಲ್ಲಿ ಲಿನೋಲಿಕ್ ಆಮ್ಲ, ಒಮೆಗಾ-3ರಲ್ಲಿ ಆಲ್ಫಾ ಲಿನೋಲೆನಿಕ್ ಆಮ್ಲ. ಮೀನೆಣ್ಣೆಗೆ ಅಷ್ಟೊಂದು ಬೆಲೆ ಬಂದಿರುವುದು ಒಮೆಗಾ-3 ಗುಂಪಿನದೇ ಆದ ಇಪಿಎ, ಡಿಎಚ್‌ಎ ಎಂಬ ಉದ್ದ ಸರಪಳಿಯ ಆಮ್ಲಗಳು ಅದರಲ್ಲಿ ಸಿದ್ಧವಾಗಿ ಸಿಗುತ್ತವೆ ಎಂಬ ಕಾರಣಕ್ಕೆ. ಭೂತಾಯಿ (ಸಾರ್ಡೀನ್) ಮೀನಿನ ಎಣ್ಣೆಯಲ್ಲಿ ಇವೆರಡೂ ಸೇರಿ ಸುಮಾರು ಕಾಲು ಭಾಗ ಇರುತ್ತವೆ. ನಮ್ಮಲ್ಲಿ ಸಿಗುವ ಯಾವ ಸಸ್ಯದ ಎಣ್ಣೆಯಲ್ಲೂ ಇವು ಇಲ್ಲ.

ಸಮುದ್ರದ ಮಾಂಸಾಹಾರಿ ಮೀನುಗಳಿಗೆ ಇವನ್ನು ಹಾಗೆಯೇ ತಿನ್ನಿಸಬೇಕು, ಅವುಗಳ ಮೈಯಲ್ಲಿ ತಯಾರಿಕೆ ತೀರ ಕಡಿಮೆ. ಸಿಹಿನೀರಿನ ಗೆಂಡೆ ಜಾತಿಗಳು (ಕಟ್ಲಾ, ರೋಹು ಕೂಡ ಇದೇ ಗುಂಪು), ತಿಲಾಪಿಯಾ ಹಾಗಲ್ಲ. ಆಲ್ಫಾ ಲಿನೋಲೆನಿಕ್ ಆಮ್ಲ ಕೊಟ್ಟರೆ ಅವುಗಳ ಯಕೃತ್ತು ಅದನ್ನೇ ಹಂತ ಹಂತವಾಗಿ ಉದ್ದ ಮಾಡಿ ಇಪಿಎ, ಡಿಎಚ್‌ಎ ಮಾಡಿಕೊಳ್ಳುತ್ತದೆ. ಮೀನೆಣ್ಣೆ ನಿಲ್ಲಿಸಬಹುದು ಎನ್ನುವ ಧೈರ್ಯಕ್ಕೆ ಆಧಾರ ಇದೇ. ಆದರೆ ಇದರಲ್ಲಿ ಒಂದು ತೊಡಕಿದೆ. ಒಮೆಗಾ-6 ಮತ್ತು ಒಮೆಗಾ-3 ಎರಡನ್ನೂ ಪರಿವರ್ತಿಸುವ ಕಿಣ್ವ ಒಂದೇ. ಒಮೆಗಾ-6 ಮಿತಿಮೀರಿದರೆ ಕಿಣ್ವವೆಲ್ಲ ಅದರ ಕೆಲಸಕ್ಕೇ ಹೋಗಿ, ಮೊದಲೇ ಕಡಿಮೆಯಿದ್ದ ಒಮೆಗಾ-3 ಹಿಂದೆ ಬೀಳುತ್ತದೆ. ಸೂರ್ಯಕಾಂತಿ ಎಣ್ಣೆಯೊಂದನ್ನೇ ಹಾಕಬೇಡಿ ಎನ್ನುವುದು ಇದಕ್ಕೇ.

ಸಾಮಾನ್ಯ ಗೆಂಡೆಗೆ ಮೇವಿನ ತೂಕದಲ್ಲಿ ಲಿನೋಲಿಕ್ ಶೇ 1, ಆಲ್ಫಾ ಲಿನೋಲೆನಿಕ್ ಶೇ 1 ಬೇಕು. ಇದು 1970ರ ದಶಕದಲ್ಲಿ ಜಪಾನಿನ ಪ್ರಯೋಗಗಳಿಂದ ಗೊತ್ತಾದ, ಈಗಲೂ ಬಳಕೆಯಲ್ಲಿರುವ ಅಳತೆ. ತಿಲಾಪಿಯಾಕ್ಕೆ ಮೊದಲು ಬೇಕಾದದ್ದು ಒಮೆಗಾ-6, ಅದೂ ಶೇ 0.5ರಿಂದ 1ರಷ್ಟು. ಅಂದರೆ 100 ಕೆ.ಜಿ. ಮೇವಿನಲ್ಲಿ ಅರ್ಧದಿಂದ ಒಂದು ಕೆ.ಜಿ. ಅದರ ಜೊತೆಗೆ ಒಮೆಗಾ-3 ಅರ್ಧ ಕೆ.ಜಿ. ದಾಟಿದರೆ ನೆಮ್ಮದಿ.

ಇನ್ನು ಎಣ್ಣೆಗಳು. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲವೇ ಇದೆ, ಲಿನೋಲಿಕ್ ಶೇ 15ರ ಆಸುಪಾಸು. ಕೈಗೆ ಸಿಗುವ ಎಣ್ಣೆಗಳಲ್ಲಿ ಒಮೆಗಾ-3ಕ್ಕೆ ಇದಕ್ಕೆ ಸಾಟಿಯಿಲ್ಲ. ಸೋಯಾ ಎಣ್ಣೆಯಲ್ಲಿ ಲಿನೋಲಿಕ್ ಶೇ 52, ಆಲ್ಫಾ ಲಿನೋಲೆನಿಕ್ ಶೇ 7ರಷ್ಟು. ಒಂದೇ ಎಣ್ಣೆ ಬಳಸಲೇಬೇಕು ಎಂಬ ಪರಿಸ್ಥಿತಿ ಬಂದರೆ ಸೋಯಾ ಇರಲಿ. ಸೂರ್ಯಕಾಂತಿಯಲ್ಲಿ ಲಿನೋಲಿಕ್ ಶೇ 60ರಷ್ಟು, ಒಮೆಗಾ-3 ಇಲ್ಲವೆಂದೇ ಹೇಳಬೇಕು. ಹಾಸನ, ಚಿಕ್ಕಮಗಳೂರಿನ ಗಾಣಗಳಲ್ಲಿ ಹುಚ್ಚೆಳ್ಳೆಣ್ಣೆ ಸಿಕ್ಕರೆ ಅದನ್ನೂ ಸೂರ್ಯಕಾಂತಿಯ ಸಾಲಿಗೇ ಸೇರಿಸಿ, ಅದರಲ್ಲಿ ಲಿನೋಲಿಕ್ ಇನ್ನೂ ಹೆಚ್ಚು. ಕಡಲೆಕಾಯಿ ಎಣ್ಣೆ, ತೌಡೆಣ್ಣೆ ನಡುವಿನವು: ಶಕ್ತಿ ಕೊಡುತ್ತವೆ, ಒಮೆಗಾ-6 ಸಾಕಷ್ಟಿದೆ, ಒಮೆಗಾ-3 ಇಲ್ಲದಷ್ಟು ಕಡಿಮೆ. ಸಾಸಿವೆ ಎಣ್ಣೆಯಲ್ಲಿ ಒಮೆಗಾ-3 ಸ್ವಲ್ಪ ಇದೆ, ಆದರೆ ನಮ್ಮ ದೇಶದ ಸಾಮಾನ್ಯ ಸಾಸಿವೆ ಎಣ್ಣೆಯಲ್ಲಿ, ಹೆಚ್ಚಾದರೆ ಒಳ್ಳೆಯದಲ್ಲದ ಎರೂಸಿಕ್ ಆಮ್ಲ ಅರ್ಧದ ಹತ್ತಿರ ಬರುತ್ತದೆ. ಅದನ್ನು ಮುಖ್ಯ ಎಣ್ಣೆ ಮಾಡಿಕೊಳ್ಳಬೇಡಿ. ಹೊರದೇಶದ ಸಾಲ್ಮನ್ ಮೀನಿನ ಮೇವಿಗೆ ಹಾಕುವ ಎಣ್ಣೆ ಎರೂಸಿಕ್ ಕಡಿಮೆ ಇರುವ ಬೇರೆ ತಳಿಯದು. ಅಲ್ಲಿನ ಲೆಕ್ಕ ಓದಿ ಇಲ್ಲಿ ಸಾಸಿವೆ ಎಣ್ಣೆ ಸುರಿಯುವುದು ಸರಿಯಲ್ಲ.

ಪಾಮ್ ಮತ್ತು ತೆಂಗಿನೆಣ್ಣೆಗೆ ಎರಡು ಕೊರತೆ. ಬೇಕಾದ ಕೊಬ್ಬಿನಾಮ್ಲ ಕಡಿಮೆ, ಜೊತೆಗೆ ನಿಮ್ಮ ಕಡೆಯ ಚಳಿ. ಡಿಸೆಂಬರ್ ಬೆಳಗಿನಲ್ಲಿ ಬಚ್ಚಲುಮನೆಯ ತೆಂಗಿನೆಣ್ಣೆ ಶೀಸೆ ಗಟ್ಟಿಯಾಗಿ ನಿಂತಿರುವುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಅದು ಕರಗುವುದೇ 24 ಡಿಗ್ರಿಯ ಸುಮಾರಿಗೆ. ಮೀನಿನ ಮೈ ಬಿಸಿ ನೀರಿನ ಬಿಸಿಯಷ್ಟೇ. ತೋಟದ ಕೆರೆಯ ನೀರು ಬೆಳಗ್ಗೆ 20 ಡಿಗ್ರಿಯ ಆಸುಪಾಸಿಗೆ ಇಳಿದಾಗ ಅಂಥ ಕೊಬ್ಬು ಕರುಳಿನಲ್ಲಿ ಸರಿಯಾಗಿ ಜೀರ್ಣವಾಗುವುದಿಲ್ಲ. ಪಾಮೋಲಿನ್ (ಪಾಮ್ ಎಣ್ಣೆಯ ತೆಳು ಭಾಗ) ಅಷ್ಟು ಬೇಗ ಗಟ್ಟಿಯಾಗದು, ಬೇಸಿಗೆಯಲ್ಲಿ ಒಟ್ಟು ಎಣ್ಣೆಯ ಮೂರನೇ ಒಂದು ಪಾಲು ಅದನ್ನು ಬಳಸಿಕೊಳ್ಳಬಹುದು. ನವೆಂಬರಿನಿಂದ ಫೆಬ್ರವರಿವರೆಗೆ ಬೇಡ. ಚಳಿಯಲ್ಲಿ ಜೀವಕೋಶದ ಪೊರೆ ಮೆದುವಾಗಿ ಉಳಿಯಲು ಮೀನಿಗೆ ಒಮೆಗಾ-3 ಹೆಚ್ಚು ಬೇಕಾಗುತ್ತದೆ. ಸಮತಟ್ಟು ಸೀಮೆಯಲ್ಲಿ ಅಗಸೆ ಇಲ್ಲದೆಯೂ ತಿಲಾಪಿಯಾ ಹೇಗೋ ಬೆಳೆದೀತು. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಗೆ ಆ ಒಂದು ಪಾಲು ಅಗಸೆ ಬಿಡಬೇಡಿ.

ಹೊಂಗೆ, ಬೇವು, ಹಿಪ್ಪೆ ಎಣ್ಣೆ ಹತ್ತಿರವೂ ಬರಬಾರದು. ಹಿಪ್ಪೆ ಹಿಂಡಿಯನ್ನು ಕೊಳದ ಕಳೆಮೀನು ಕೊಲ್ಲಲೆಂದೇ ಬಳಸುತ್ತಾರೆ ಎಂಬುದು ನೆನಪಿರಲಿ.

ಈಗ ಹಳೆಯ ಕೆರೆಯ ವಿಷಯ. ಅಲ್ಲಿ ತೌಡು ಮತ್ತು ಕಡಲೆಕಾಯಿ ಹಿಂಡಿ ಸಮ ಸಮ ಹಾಕುವುದು ನಮ್ಮ ಕಡೆಯ ಪದ್ಧತಿ. ಎಣ್ಣೆ ತೆಗೆಯದ ತೌಡಿನಲ್ಲಿ ಶೇ 15ರಷ್ಟು, ಗಾಣದ ಹಿಂಡಿಯಲ್ಲಿ ಶೇ 7ರಷ್ಟು ಕೊಬ್ಬಿದೆ. 50 ಕೆ.ಜಿ. ತೌಡಿನಿಂದ ಏಳೂವರೆ, 50 ಕೆ.ಜಿ. ಹಿಂಡಿಯಿಂದ ಮೂರೂವರೆ, ಒಟ್ಟು 11 ಕೆ.ಜಿ. ಕೊಬ್ಬು ಆಗಲೇ ಮೇವಿನಲ್ಲಿ ಕೂತಿದೆ. ಗೆಂಡೆಗಳಿಗೆ ಅಷ್ಟೇ ಹೆಚ್ಚು. ಅದರ ಮೇಲೆ 4 ಕೆ.ಜಿ. ಮೀನೆಣ್ಣೆ ಸುರಿದರೆ ಹೊಟ್ಟೆಯೊಳಗೆ ಬಿಳಿ ಕೊಬ್ಬಿನ ಪದರ ಬೆಳೆಯುತ್ತದೆಯೇ ಹೊರತು ಮಾಂಸವಲ್ಲ. ಮಾರುವಾಗ ತೂಗಿದ ತೂಕದಲ್ಲಿ ಅದೂ ಸೇರಿರುತ್ತದೆ ನಿಜ, ಆದರೆ ಕೊಯ್ದವರು ಎರಡನೆಯ ಸಲ ಕೊಳ್ಳಲು ಹಿಂಜರಿಯುತ್ತಾರೆ.

ಗೆಂಡೆಗೆ ಬೇಕಾದ ಒಮೆಗಾ-3 ಆ ಮೇವಿನಲ್ಲಿ ಇಲ್ಲವಲ್ಲ ಎಂದರೆ, ಅದನ್ನು ಕೊಡುವುದು ನೀರು. ಹಸಿರು ನೀರಿನ ಪಾಚಿಕಣ, ಅದನ್ನು ತಿಂದ ಸಣ್ಣ ನೀರುಜೀವಿ, ತಳದ ಹುಳು ಇವುಗಳಲ್ಲಿ ಒಮೆಗಾ-3 ಇದೆ, ಇಪಿಎ ಕೂಡ ಇದೆ. ಹಾಗಾಗಿ ಎಣ್ಣೆಯ ದುಡ್ಡನ್ನು ನೀರು ಹಸಿರು ಮಾಡಲು ಹಾಕಿ. ಬಿಸಿಲಿದ್ದಾಗ ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಅಂಗೈ ಕಂಡೂ ಕಾಣದಂತಿದ್ದರೆ ಸರಿ. ಬೆರಳುಗಳು ಸ್ಪಷ್ಟ ಕಂಡರೆ ನೀರಿನಲ್ಲಿ ಆಹಾರವಿಲ್ಲ. ಊಟೆ ನೀರು ಹರಿದು ಬರುವ, ಸುತ್ತ ಸಿಲ್ವರ್ ಮರದ ನೆರಳಿರುವ ತೋಟದ ಕೆರೆಗಳು ಹೆಚ್ಚಾಗಿ ಹೀಗೆ ತಿಳಿಯಾಗಿರುತ್ತವೆ. ಮಲೆನಾಡಿನ ಮಣ್ಣಿನ ಹುಳಿಯೂ ಪಾಚಿ ಏಳಲು ಬಿಡುವುದಿಲ್ಲ. ಮೊದಲು ಪಿಎಚ್ ನೋಡಿ ಸುಣ್ಣ, ಆಮೇಲೆ ಕೊಟ್ಟಿಗೆ ಗೊಬ್ಬರ, ನೀರು ಹೊರಹರಿಯದಂತೆ ತಡೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡದಲ್ಲಿ ತಳದ ಹುಳು ಸಿಗುವುದಿಲ್ಲ. ಅಲ್ಲಿ ಮಾತ್ರ ಗೆಂಡೆ ಮೇವಿಗೆ ನೂರಕ್ಕೆ 2 ಕೆ.ಜಿ. ಅಗಸೆಕಾಳಿನ ಹಿಟ್ಟು ಸೇರಿಸುವುದು ಒಳ್ಳೆಯದು.

ತೌಡಿನ ಬಗ್ಗೆ ಒಂದು ಎಚ್ಚರಿಕೆ. ಅಕ್ಕಿ ಗಿರಣಿಯಲ್ಲಿ ತೌಡು ಬೇರೆಯಾದ ಗಳಿಗೆಯಿಂದಲೇ ಅದರೊಳಗಿನ ಕಿಣ್ವ ಕೊಬ್ಬನ್ನು ಒಡೆಯಲು ಶುರುಮಾಡುತ್ತದೆ. ಒಂದು ವಾರದಲ್ಲಿ ಬಳಸಿ ಮುಗಿಸುವಷ್ಟೇ ತನ್ನಿ. ಕುಸುಬಲಕ್ಕಿ ಗಿರಣಿಯ ತೌಡು ಬೆಂದ ಭತ್ತದ್ದಾದ್ದರಿಂದ ಹೆಚ್ಚು ದಿನ ತಾಳುತ್ತದೆ.

ತಿಲಾಪಿಯಾ ಕೊಳಕ್ಕೆ ಬರೋಣ. ಇಲ್ಲಿ ಮೀನು ದಟ್ಟವಾಗಿರುವುದರಿಂದ ನೀರಿನ ಆಹಾರ ಎಲ್ಲಕ್ಕೂ ಸಾಲದು, ಮೇವೇ ಮುಖ್ಯ. ನೂರು ಕೆ.ಜಿ.ಗೆ ಹೀಗೊಂದು ಮಿಶ್ರಣ: ಸೋಯಾ ಹಿಂಡಿ 35, ಕಡಲೆಕಾಯಿ ಹಿಂಡಿ 10, ಮೀನಿನ ಹಿಟ್ಟು 8, ಮುಸುಕಿನ ಜೋಳದ ನುಚ್ಚು 20, ಎಣ್ಣೆ ತೆಗೆದ ತೌಡು 21, ಎಣ್ಣೆ 3, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) 1.5, ವಿಟಮಿನ್-ಖನಿಜ ಮಿಶ್ರಣ 1, ಉಪ್ಪು ಅರ್ಧ ಕೆ.ಜಿ. ಪ್ರೋಟೀನ್ ಶೇ 29ರಿಂದ 30, ಒಟ್ಟು ಕೊಬ್ಬು ಐದೂವರೆ ಚಿಲ್ಲರೆ. ಮೂರು ಕೆ.ಜಿ. ಎಣ್ಣೆಯಲ್ಲಿ ಎರಡು ಸೋಯಾ, ಒಂದು ಅಗಸೆ ಆದಾಗ ಜೋಳ, ಹಿಂಡಿಗಳಲ್ಲಿರುವುದೂ ಸೇರಿ ಲಿನೋಲಿಕ್ ಸುಮಾರು 2 ಕೆ.ಜಿ., ಆಲ್ಫಾ ಲಿನೋಲೆನಿಕ್ ಸುಮಾರು 700 ಗ್ರಾಂ ಬೀಳುತ್ತದೆ. ಅದೇ ಮೂರೂ ಕೆ.ಜಿ. ಸೂರ್ಯಕಾಂತಿ ಹಾಕಿದ್ದರೆ ಲಿನೋಲಿಕ್ ಎರಡೂವರೆ ಕೆ.ಜಿ. ದಾಟಿ, ಆಲ್ಫಾ ಲಿನೋಲೆನಿಕ್ ಐವತ್ತು ಗ್ರಾಮಿನ ಆಸುಪಾಸಿಗೆ ಇಳಿಯುತ್ತಿತ್ತು.

ಆ 8 ಕೆ.ಜಿ. ಮೀನಿನ ಹಿಟ್ಟನ್ನು ಗಮನಿಸಿ. ಅದರೊಳಗೇ ಶೇ 8ರಷ್ಟು ಮೀನೆಣ್ಣೆ ಉಳಿದಿರುತ್ತದೆ, ಅಂದರೆ ನೂರು ಕೆ.ಜಿ. ಮೇವಿಗೆ 600 ಗ್ರಾಮಿಗೂ ಹೆಚ್ಚು. ಮೀನೆಣ್ಣೆ ಪೂರ್ತಿ ನಿಲ್ಲಿಸಿದೆವು ಎಂದುಕೊಂಡರೂ ಇಪಿಎ-ಡಿಎಚ್‌ಎ ಸ್ವಲ್ಪ ಹೋಗುತ್ತಲೇ ಇರುತ್ತದೆ. ಇದೇ ಕಾರಣಕ್ಕೆ ಎಣ್ಣೆ ಮತ್ತು ಮೀನಿನ ಹಿಟ್ಟು ಎರಡನ್ನೂ ಒಂದೇ ಸಲ ತೆಗೆಯಬೇಡಿ. ಎರಡನ್ನೂ ತೆಗೆದು ಬೆಳವಣಿಗೆ ಕುಂಠಿತವಾದರೆ ದೋಷ ಎಣ್ಣೆಯದೋ, ಪ್ರೋಟೀನಿನ ಗುಣಮಟ್ಟದ್ದೋ, ರುಚಿ ಹಿಡಿಸದೆ ಮೀನು ಮೇವು ಬಿಟ್ಟದ್ದೋ ಗೊತ್ತೇ ಆಗುವುದಿಲ್ಲ.

ಅಗಸೆ ಎಣ್ಣೆ ಕೊಳ್ಳುವಾಗ ಹಾರ್ಡ್‌ವೇರ್ ಅಂಗಡಿಗೆ ಹೋಗಬೇಡಿ. ಅಲ್ಲಿ ಮರಕ್ಕೆ, ಬಣ್ಣಕ್ಕೆ ಮಾರುವ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ, ಅದು ವಿಷ. ಗಾಣದಿಂದ ತಂದ, ಊಟಕ್ಕೆ ಯೋಗ್ಯವಾದ ಎಣ್ಣೆ ಮಾತ್ರ ಆಗಬೇಕು. ಅದಕ್ಕಿಂತ ಒಳ್ಳೆಯ ದಾರಿ, ಎಣ್ಣೆಯ ಬದಲು ಕಾಳನ್ನೇ ಕೊಳ್ಳುವುದು. ಧಾರವಾಡ, ವಿಜಯಪುರದ ಕಡೆ ಬೆಳೆದ ಅಗಸೆ ನಮ್ಮ ಕಿರಾಣಿ ಅಂಗಡಿಗಳಿಗೂ ಬರುತ್ತದೆ. ಕಾಳಿನಲ್ಲಿ ಎಣ್ಣೆ ಶೇ 40ರಷ್ಟು, ಹಾಗಾಗಿ ಒಂದು ಕೆ.ಜಿ. ಎಣ್ಣೆಗೆ ಬದಲು ಎರಡೂವರೆ ಕೆ.ಜಿ. ಕಾಳು. ಆ ತೂಕಕ್ಕೆ ತಕ್ಕಂತೆ ಎಣ್ಣೆಯಲ್ಲಿ ಒಂದು ಕೆ.ಜಿ., ತೌಡಿನಲ್ಲಿ ಒಂದೂವರೆ ಕೆ.ಜಿ. ಕಳೆಯಿರಿ. ಸಿಪ್ಪೆ ಒಡೆಯದ ಕಾಳಿನೊಳಗೆ ಎಣ್ಣೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಪುಡಿ ಮಾಡಿದ ಮೇಲೆ ದಿನಗಳ ಲೆಕ್ಕ. ಮೇವು ಮಾಡುವ ದಿನವೇ, ಜೋಳದ ನುಚ್ಚಿನ ಜೊತೆ ಸೇರಿಸಿ ಪುಡಿ ಮಾಡಿಸಿ. ಒಂಟಿಯಾಗಿ ಹಾಕಿದರೆ ಜಿಡ್ಡಾಗಿ ಗಿರಣಿಯ ಜಾಲರಿ ಕಟ್ಟಿಕೊಳ್ಳುತ್ತದೆ. ಅಗಸೆಯ ಲೋಳೆ ಪೆಲೆಟ್ಟಿಗೆ ಅಂಟಾಗಿಯೂ ಕೆಲಸ ಮಾಡುತ್ತದೆ. ಆದರೆ ಹಸಿ ಅಗಸೆಯಲ್ಲಿ ಸಯನೈಡ್ ಬಿಡುವ ಅಂಶ, ಬಿ6 ವಿಟಮಿನ್ನಿಗೆ ಅಡ್ಡಿ ಮಾಡುವ ಅಂಶ ಎರಡೂ ಇವೆ. ಮೇವಿನಲ್ಲಿ ಶೇ 5 ಮೀರಿಸಬೇಡಿ. ಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸಿ, ಆವಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರೆ ತೊಂದರೆ ಬಹಳ ಕಡಿಮೆಯಾಗುತ್ತದೆ.

ಉಳಿದ 2 ಕೆ.ಜಿ. ಸೋಯಾ ಎಣ್ಣೆಯನ್ನು ಹಿಟ್ಟಿಗೇ ಸುರಿದರೆ ಪೆಲೆಟ್ ಗಟ್ಟಿಯಾಗುವುದಿಲ್ಲ. ಯಂತ್ರದ ಅಚ್ಚಿನ ತೂತಿನಲ್ಲಿ ಹಿಟ್ಟು ಒತ್ತಡ ತಾಳದೆ ಜಾರಿಬಿಡುತ್ತದೆ, ನೀರಿಗೆ ಬಿದ್ದ ಎರಡು ನಿಮಿಷಕ್ಕೆ ಪುಡಿ. ಎಣ್ಣೆಯನ್ನು ಹೊರಗಿನಿಂದ ಲೇಪಿಸುವುದೇ ಸರಿ. ಮೊದಲು ಪೆಲೆಟ್ಟನ್ನು ಪೂರ್ತಿ ಒಣಗಿಸಿ. ಕಾಫಿ ಕಣ ಖಾಲಿ ಇರುವಾಗ ಅಲ್ಲೇ ತೆಳುವಾಗಿ ಹರಡಬಹುದು. ಎಣ್ಣೆ ಹಚ್ಚಿದ ಮೇಲೆ ಮಾತ್ರ ಬಿಸಿಲಿಗೆ ಇಡಲೇಬಾರದು. ಒಣಗಿದ 25 ಕೆ.ಜಿ. ಪೆಲೆಟ್ಟಿಗೆ ಅರ್ಧ ಕೆ.ಜಿ. ಸೋಯಾ ಎಣ್ಣೆ ತೂಗಿ, ಅದಕ್ಕೆ 100 ಗ್ರಾಂ ಸೋಯಾ ಲೆಸಿಥಿನ್ ಬೆರೆಸಿ. ಲೆಸಿಥಿನ್ ಇದ್ದರೆ ಎಣ್ಣೆ ಕರುಳಿನಲ್ಲಿ ಚೆನ್ನಾಗಿ ಒಡೆದು ಹೀರಲ್ಪಡುತ್ತದೆ. ಪಾತ್ರೆಯನ್ನು ಬಿಸಿನೀರಿನೊಳಗೆ ಇಟ್ಟು ಎಣ್ಣೆಯನ್ನು ಕೈ ತಾಳುವಷ್ಟು ಬೆಚ್ಚಗೆ ಮಾಡಿ, ನೇರ ಉರಿಯ ಮೇಲೆ ಬೇಡ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮನ್ನು ಓರೆಯಾಗಿ ಉರುಳಿಸುತ್ತ, ಹೊಸದಾದ ಕೈಪಂಪಿನಲ್ಲಿ ಎಣ್ಣೆ ಸಿಂಪಡಿಸಿ. ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ಪಂಪು ಖಂಡಿತ ಬೇಡ: ತಾಮ್ರದ ಸೋಂಕು ತಗುಲಿದರೆ ಎಣ್ಣೆ ಕೆಡುವ ವೇಗ ಹಲವು ಪಟ್ಟು ಹೆಚ್ಚುತ್ತದೆ, ಕಾಫಿ ತೋಟದಲ್ಲಿ ಈ ತಪ್ಪು ಸುಲಭವಾಗಿ ಆಗಿಬಿಡುತ್ತದೆ. ಐದು ನಿಮಿಷ ಉರುಳಿಸಿ ಅರ್ಧ ಗಂಟೆ ಬಿಡಿ.

ಆಮೇಲೆ ಒಂದು ಪರೀಕ್ಷೆ. ಬಿಳಿ ಬೋಗುಣಿಯಲ್ಲಿ ನೀರು ತುಂಬಿ ಹತ್ತಿಪ್ಪತ್ತು ಪೆಲೆಟ್ ಹಾಕಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಲ್ಲೊಂದು ಇಲ್ಲೊಂದು ಎಣ್ಣೆಯ ಕಣ್ಣು ತೇಲಿದರೆ ಚಿಂತೆಯಿಲ್ಲ. ಐದು ನಿಮಿಷದಲ್ಲಿ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಹರಡಿಕೊಂಡರೆ ಎಣ್ಣೆ ಒಳಗಿಳಿದಿಲ್ಲ, ನಿಮ್ಮ ದುಡ್ಡು ಕೊಳದ ಮೇಲೆ ತೇಲಿ ಹೋಗುತ್ತಿದೆ ಎಂದರ್ಥ. ಪೆಲೆಟ್ ಹಸಿಯಾಗಿತ್ತು, ಇಲ್ಲವೇ ಎಣ್ಣೆ ತಣ್ಣಗಿತ್ತು, ಇಲ್ಲವೇ ಪ್ರಮಾಣ ಹೆಚ್ಚಾಯಿತು. ಮುಳುಗುವ ಗಟ್ಟಿ ಪೆಲೆಟ್ ನೂರಕ್ಕೆ ಎರಡು, ಹೆಚ್ಚೆಂದರೆ ಮೂರು ಪಾಲು ಎಣ್ಣೆ ಹೀರುತ್ತದೆ. ಉಬ್ಬಿಸಿದ ತೇಲುವ ಮೇವಿನ ಒಳಗೆ ತೂತುಗಳಿರುವುದರಿಂದ ಅದು ಇನ್ನೂ ಹೆಚ್ಚು ಹಿಡಿಯುತ್ತದೆ.

ಹಳಸುವಿಕೆಯ ಮಾತು ಸ್ವಲ್ಪ ವಿವರವಾಗಿಯೇ ಇರಲಿ. ಯಾವ ಗುಣಕ್ಕಾಗಿ ಅಗಸೆ ಬೇಕೋ ಅದೇ ಗುಣ ಅದನ್ನು ಬೇಗ ಕೆಡಿಸುತ್ತದೆ: ಒಮೆಗಾ-3 ಹೆಚ್ಚಿದ್ದಷ್ಟೂ ಗಾಳಿಯ ಆಮ್ಲಜನಕ ಬೇಗ ಹಿಡಿಯುತ್ತದೆ. ಹಳಸಿದ ಕೊಬ್ಬು ತಿಂದ ಮೀನಿನ ಮೈಯ ವಿಟಮಿನ್ ಇ ಅದನ್ನು ಎದುರಿಸುವುದರಲ್ಲೇ ಖರ್ಚಾಗಿ ಹೋಗುತ್ತದೆ. ಜಪಾನಿನಲ್ಲಿ ಹಳಸಿದ ರೇಷ್ಮೆ ಪ್ಯೂಪಾ (ನೂಲು ತೆಗೆದ ಮೇಲೆ ಗೂಡಿನಲ್ಲಿ ಉಳಿಯುವ ಹುಳು) ತಿಂದ ಗೆಂಡೆಗಳಿಗೆ ಬೆನ್ನಿನ ಮಾಂಸ ಕರಗಿ ಕೃಶವಾಗುವ ರೋಗ ಬಂದದ್ದು ಹೀಗೆಯೇ. ಸೆಕೋಕೆ ಎಂದು ಅದರ ಹೆಸರು, ವಿಟಮಿನ್ ಇ ಕೊಟ್ಟರೆ ತಡೆಯಬಹುದೆಂದು ಅಲ್ಲಿಯೇ ತಿಳಿಯಿತು. ರಾಮನಗರದ ಕಡೆಯಿಂದ ಪ್ಯೂಪಾ ತರಿಸುವವರು ಇದನ್ನು ಗಮನಿಸಬೇಕು. ಪ್ಯೂಪಾ ಎಣ್ಣೆಯಲ್ಲೂ ಒಮೆಗಾ-3 ಧಾರಾಳವಾಗಿದೆ, ತಾಜಾ ಇದ್ದರೆ ಚಿನ್ನ, ಎಣ್ಣೆ ತೆಗೆಯದೆ ಮೂಟೆಯಲ್ಲಿ ಕೊಳೆತಿದ್ದರೆ ರೋಗ.

ಕಡಿಮೆ ಕೊಳ್ಳಿ, ಬೇಗ ಮುಗಿಸಿ. ಎಣ್ಣೆಯನ್ನು ಬೆಳಕು ಹಾಯದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬಾಯಿವರೆಗೆ ತುಂಬಿಡಿ, ಅರ್ಧ ಖಾಲಿಯಾದರೆ ಸಣ್ಣ ಕ್ಯಾನಿಗೆ ಬದಲಿಸಿ. ತುಕ್ಕು ಹಿಡಿದ ಡಬ್ಬ, ಹಿತ್ತಾಳೆ ಪಾತ್ರೆ ಬೇಡ. ಎಣ್ಣೆ ಹಳಸುವುದನ್ನು ತಡೆಯುವ ಬಿಎಚ್‌ಟಿ ಸಿಕ್ಕರೆ ಎಣ್ಣೆ ತಂದ ದಿನವೇ ಕೆ.ಜಿ.ಗೆ 0.2 ಗ್ರಾಂ, ಅಂದರೆ 15 ಕೆ.ಜಿ. ಟಿನ್ನಿಗೆ 3 ಗ್ರಾಂ, ಸ್ವಲ್ಪ ಎಣ್ಣೆಯಲ್ಲಿ ಕರಗಿಸಿ ಬೆರೆಸಿ. ಹಳಸಿದ ಮೇಲೆ ಹಾಕಿ ಪ್ರಯೋಜನವಿಲ್ಲ. ಮೇವಿಗೆ ಶೇ 50ರ ವಿಟಮಿನ್ ಇ ಪುಡಿ ನೂರು ಕೆ.ಜಿ.ಗೆ 20 ಗ್ರಾಂ ಸೇರಿಸಿ. ತಯಾರಾದ ಮೇವು ಬೇಸಿಗೆಯಲ್ಲಿ ಒಂದು ತಿಂಗಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನದಲ್ಲಿ ಖಾಲಿಯಾಗಬೇಕು. ಮಳೆಗಾಲದ ತೇವಕ್ಕೆ ಎಣ್ಣೆಗಿಂತ ಮೊದಲು ಕಡಲೆಕಾಯಿ ಹಿಂಡಿಗೆ ಬೂಷ್ಟು ಬರುತ್ತದೆ, ಆ ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತನ್ನೇ ಹಾಳುಮಾಡುತ್ತದೆ. ಆ ನಾಲ್ಕು ತಿಂಗಳು ಹಿಂಡಿಯ 10 ಕೆ.ಜಿ.ಯನ್ನೂ ಸೋಯಾ ಹಿಂಡಿಗೇ ಬದಲಿಸಿದರೆ ಇನ್ನೂ ಕ್ಷೇಮ.

ಪ್ರಯೋಗಾಲಯದಲ್ಲಿ ನೋಡಿಸುವುದಾದರೆ ಹಳಸುವಿಕೆಯ ಅಳತೆಯಾದ ಪೆರಾಕ್ಸೈಡ್ ಮೌಲ್ಯ 5ರೊಳಗೆ ಇದ್ದರೆ ತಾಜಾ, 10 ದಾಟಿದ್ದು ಬೇಡ. ಆದರೆ ಈ ಅಂಕಿ ಮೊದಲು ಏರಿ, ಎಣ್ಣೆ ಪೂರ್ತಿ ಹಳಸಿದಾಗ ಮತ್ತೆ ಇಳಿಯುತ್ತದೆ. ಕಡಿಮೆ ಅಂಕಿ ಕಂಡು ಹಳೇ ಎಣ್ಣೆ ಕೊಂಡವರಿದ್ದಾರೆ. ಆದ್ದರಿಂದ ಮೂಗನ್ನೂ ನಂಬಿ. ಎರಡು ಹನಿ ಅಂಗೈಗೆ ಹಾಕಿ ಚೆನ್ನಾಗಿ ಉಜ್ಜಿ, ಕೈಗಳನ್ನು ಬೊಗಸೆ ಮಾಡಿ ಮೂಸಿ. ತಾಜಾ ಅಗಸೆ ಎಣ್ಣೆಗೆ ಹುರಿದ ಕಾಳಿನ ತೆಳು ಪರಿಮಳ ಇರುತ್ತದೆ. ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ ಬಂದರೆ ವಾಪಸ್ ಕಳಿಸಿ. ನೀವು ತರಿಸುತ್ತಿದ್ದ ಮೀನೆಣ್ಣೆ ಒಂದೇ ಸಮ ಇರಲಿಲ್ಲ ಎಂದಿದ್ದೀರಿ. ಅದರಲ್ಲಿ ಒಂದು ಪಾಲು ಹಳಸಿದ್ದೇ ಆಗಿರುವ ಸಾಧ್ಯತೆ ಹೆಚ್ಚು, ಅಂಥದ್ದಕ್ಕಿಂತ ತಾಜಾ ಸೋಯಾ ಎಣ್ಣೆ ಎಷ್ಟೋ ಮೇಲು.

ಕರಿದ ಎಣ್ಣೆ ಏಕೆ ಬೇಡ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಬೇಕಾದ ಕೊಬ್ಬಿನಾಮ್ಲ ಸುಟ್ಟುಹೋಗಿ, ಬೇಡದ ಸಂಯುಕ್ತಗಳು ಕೂಡಿಕೊಂಡಿರುತ್ತವೆ. ಅವುಗಳ ಪ್ರಮಾಣ ಶೇ 25 ದಾಟಿದರೆ ಅಡುಗೆಗೆ ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2018ರ ಜುಲೈ 1ರಿಂದ ನಿಯಮ ಮಾಡಿದೆ. ಹೋಟೆಲಿನವರು ಮಾರುವುದು ಆ ಮಿತಿಯ ಅಂಚಿಗೆ ಬಂದದ್ದನ್ನೇ. ಅದು ಬಯೋಡೀಸೆಲ್ಲಿಗೆ ಹೋಗಲಿ. ನಿಮ್ಮ ಮೀನು ಕೊನೆಗೆ ಇನ್ನೊಬ್ಬರ ಮನೆಯ ಮಕ್ಕಳ ತಟ್ಟೆಗೆ ಬೀಳುತ್ತದೆ.

ರುಚಿಯ ಬಗ್ಗೆ ಕೇಳಿದ್ದೀರಿ. ಮೀನೆಣ್ಣೆ ನಿಲ್ಲಿಸಿದರೆ ಮಾಂಸದ ಗಾಢ ಮೀನುವಾಸನೆ ಸ್ವಲ್ಪ ಇಳಿಯುತ್ತದೆ, ತಿಲಾಪಿಯಾಕ್ಕೆ ಅದು ಒಳ್ಳೆಯದೇ. ಗಿರಾಕಿಗಳು ದೂರುವ ಮಣ್ಣು ವಾಸನೆಗೂ ಎಣ್ಣೆಗೂ ಸಂಬಂಧವಿಲ್ಲ. ಅದು ಕೊಳದ ನೀಲಿ-ಹಸಿರು ಪಾಚಿಯಿಂದ ಬರುವುದು. ಹಿಡಿದ ಮೀನನ್ನು ಮೂರರಿಂದ ಐದು ದಿನ ಮೇವು ಹಾಕದೆ ತಿಳಿ ಹರಿವ ನೀರಿನಲ್ಲಿ ಇಟ್ಟರೆ ಹೋಗುತ್ತದೆ. ಪೌಷ್ಟಿಕಾಂಶದಲ್ಲಿ ಮಾತ್ರ ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು. ಮೀನಿನ ಕೊಬ್ಬು ತಿಂದ ಎಣ್ಣೆಯನ್ನೇ ಹೋಲುತ್ತದೆ. ನಾರ್ವೆಯ ಸಾಲ್ಮನ್ ಮೇವಿನಲ್ಲಿ 1990ರಲ್ಲಿ ಶೇ 24ರಷ್ಟಿದ್ದ ಮೀನೆಣ್ಣೆ 2013ಕ್ಕೆ ಶೇ 11ಕ್ಕೆ ಇಳಿದು ಉಳಿದ ಜಾಗ ಸಸ್ಯದ ಎಣ್ಣೆಗೆ ಹೋಯಿತು. ಇದೇ ಹಾದಿ ಹಿಡಿದ ಸ್ಕಾಟ್ಲೆಂಡಿನಲ್ಲಿ 2006ರಿಂದ 2015ರೊಳಗೆ ಸಾಕಿದ ಸಾಲ್ಮನ್ನಿನ ಇಪಿಎ-ಡಿಎಚ್‌ಎ ಅರ್ಧಕ್ಕೆ ಬಂತು. ಕೊಬ್ಬು ತುಂಬಿದ ಸಾಲ್ಮನ್ನಿಗೆ ಇದು ದೊಡ್ಡ ನಷ್ಟ. ತಿಲಾಪಿಯಾ ಮಾಂಸದಲ್ಲಿ ಕೊಬ್ಬೇ ನೂರಕ್ಕೆ ಎರಡು ಗ್ರಾಂ, ಮೀನೆಣ್ಣೆ ಹಾಕಿದರೂ ಅದು ಒಮೆಗಾ-3ರ ಗಣಿಯಾಗುವುದಿಲ್ಲ. ಒಮೆಗಾ-3 ಹೆಸರಿನಲ್ಲಿ ಮಾರಾಟ ಮಾಡದಿದ್ದರೆ ಸಾಕು.

ಒಮೆಗಾ-3 ಬೇಕಾದವರಿಗೆ ಶಿರಾಡಿ ಘಾಟಿ ಹತ್ತಿ ಹಾಸನದ ಮಾರುಕಟ್ಟೆಗೆ ಬರುವ ಭೂತಾಯಿಯೇ ಇದೆ. ಆ ಭೂತಾಯಿಯನ್ನು ಹಿಂಡಿ ಗೆಂಡೆಗೆ ತಿನ್ನಿಸುವುದು ನಮ್ಮ ದೃಷ್ಟಿಯಲ್ಲಿ ದೊಡ್ಡ ವ್ಯರ್ಥ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಭೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕಡಿಮೆಯಾಗಿತ್ತು. ಪೆರು ದೇಶ 2023ರಲ್ಲಿ ಬಂಗಡೆಗಿಂತ ಸಣ್ಣ ಆಂಚೊವಿ ಮೀನಿನ ಮೊದಲ ಹಂಗಾಮನ್ನೇ ರದ್ದು ಮಾಡಿದಾಗ ಜಗತ್ತಿನ ಮೀನೆಣ್ಣೆ ಬೆಲೆ ದಾಖಲೆ ಮುಟ್ಟಿತು. ಬೆಲೆ ಇಳಿಯಲೆಂದು ಕಾಯುವುದಕ್ಕಿಂತ ಈಗಲೇ ದಾರಿ ಬದಲಿಸುವುದು ಲೇಸು.

ಬದಲಿಸುವಾಗ ಇಡೀ ಕೊಳಕ್ಕೆ ಒಂದೇ ಸಲ ಬೇಡ. ಎರಡು ಮೀಟರ್ ಉದ್ದಗಲದ ನಾಲ್ಕು ಹಾಪಾ ಬಲೆಗಳನ್ನು (ಪೆಟ್ಟಿಗೆಯಾಕಾರದ ಬಲೆ) ಅದೇ ಕೊಳದಲ್ಲಿ ಕಟ್ಟಿ, ಒಂದೊಂದರಲ್ಲೂ ಒಂದೇ ಗಾತ್ರದ 40 ಮರಿ ಬಿಡಿ. ಎರಡಕ್ಕೆ ಹಳೆಯ ಮೇವು, ಎರಡಕ್ಕೆ ಹೊಸದು, 60 ದಿನ. ಹಾಕಿದ ಮೇವನ್ನು ಪ್ರತಿದಿನ ತೂಗಿ ಬರೆಯಿರಿ, ಹದಿನೈದು ದಿನಕ್ಕೊಮ್ಮೆ ಎಲ್ಲ ಮೀನನ್ನೂ ಒಟ್ಟಾಗಿ ತೂಗಿ. ಒಟ್ಟು ಮೇವನ್ನು ಹೆಚ್ಚಿದ ತೂಕದಿಂದ ಭಾಗಿಸಿದರೆ ಒಂದು ಕೆ.ಜಿ. ಮೀನಿಗೆ ಎಷ್ಟು ಮೇವು ಹೋಯಿತು ಎಂಬುದು ಸಿಗುತ್ತದೆ. ಒಂದೇ ಮೇವಿನ ಎರಡು ಹಾಪಾಗಳ ನಡುವೆಯೇ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಹೊಸ ಮೇವಿನ ವ್ಯತ್ಯಾಸ ಅಷ್ಟರೊಳಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೊನೆಗೆ ಪ್ರತಿ ಗುಂಪಿನಿಂದ ಐದು ಮೀನು ಕೊಯ್ದು ಯಕೃತ್ತು ನೋಡಿ. ಕಂದುಗೆಂಪಾಗಿ ಬಿಗಿಯಾಗಿದ್ದರೆ ಸರಿ. ಹಳದಿ ಬಿಳಚಿಕೊಂಡು ಬೆರಳಿಗೆ ಒಡೆಯುವಂತಿದ್ದರೆ ಕೊಬ್ಬು ಹೆಚ್ಚಾಗಿದೆ, ಹಳಸಿದೆ, ಇಲ್ಲವೇ ಬೇಕಾದ ಕೊಬ್ಬಿನಾಮ್ಲ ಸಾಲುತ್ತಿಲ್ಲ. ಮೊದಲು ಮೂಸಿ ನೋಡಿ, ಆಮೇಲೆ ಪ್ರಮಾಣ ತಿದ್ದಿ.

ಮರಿ ಮಾಡಿಸಲು ಇಟ್ಟ ತಾಯಿ ಮೀನಿಗೆ, ಎರಡು ಗ್ರಾಂ ಒಳಗಿನ ಮರಿಗಳಿಗೆ ಈ ಉಳಿತಾಯ ಬೇಡ. ಮೊಟ್ಟೆಯ ಗುಣಕ್ಕೆ, ಮರಿಯ ಕಣ್ಣು-ಮಿದುಳಿನ ಬೆಳವಣಿಗೆಗೆ ಡಿಎಚ್‌ಎ ಬೇಕು. ನೂರಕ್ಕೆ ಒಂದರಿಂದ ಎರಡು ಕೆ.ಜಿ. ಒಳ್ಳೆಯ ಮೀನೆಣ್ಣೆ ಅವುಗಳಿಗೆ ಮುಂದುವರಿಯಲಿ. ತಿನ್ನುವ ಮೇವೇ ಕಡಿಮೆ, ಖರ್ಚು ಹೆಚ್ಚೇನೂ ಆಗದು.

ಕೊರವ ಬೇರೆ ಜಾಯಮಾನದ್ದು. ಸಿಹಿನೀರಿನ ಮೀನೇ ಆದರೂ ಸಣ್ಣ ಮೀನು, ಕಪ್ಪೆಮರಿ ಹಿಡಿದು ತಿಂದು ಬದುಕುವ ಜಾತಿ. ಪರಿವರ್ತಿಸುವ ಶಕ್ತಿ ಅದಕ್ಕೂ ಇದೆ, ಆದರೆ ಅದನ್ನೇ ನಂಬಿ ದುಬಾರಿ ಮರಿ ಬಿಡುವುದು ಜಾಣತನವಲ್ಲ. ಮೇವಿನಲ್ಲಿ ಪ್ರೋಟೀನ್ ಶೇ 40 ದಾಟಬೇಕು, ಎಣ್ಣೆ 6 ಕೆ.ಜಿ. ಹಾಕುವುದಾದರೆ 3 ಮೀನೆಣ್ಣೆ, 2 ಸೋಯಾ, 1 ಅಗಸೆ. ನಿಮ್ಮ ಮುಳುಗುವ ಪೆಲೆಟ್ ಇಷ್ಟು ಎಣ್ಣೆ ಹಿಡಿಯುವುದೂ ಇಲ್ಲ, ಕೊರವ ತಳಕ್ಕೆ ಬಿದ್ದ ಮೇವನ್ನು ಸರಿಯಾಗಿ ತಿನ್ನುವುದೂ ಇಲ್ಲ. ಮೊದಲ ವರ್ಷ ತೇಲುವ ಮೇವನ್ನು ಕೊಂಡೇ ಹಾಕಿ. ವಾಸನೆ ಹಿಡಿಸದಿದ್ದರೆ ಅದು ಮೇವು ಬಿಟ್ಟು ಒಂದನ್ನೊಂದು ತಿನ್ನಲು ತೊಡಗುತ್ತದೆ. ಆದ್ದರಿಂದ ಎಣ್ಣೆಯ ಮಿಶ್ರಣ ಬದಲಿಸುವುದೇನಿದ್ದರೂ ಮರಿಗಳು 50 ಗ್ರಾಂ ದಾಟಿದ ಮೇಲೆ, ಹಳೆಯದಕ್ಕೆ ಕಾಲು ಪಾಲಿನಂತೆ ಹೊಸದನ್ನು ಬೆರೆಸುತ್ತ ಹತ್ತು-ಹನ್ನೆರಡು ದಿನ ತೆಗೆದುಕೊಂಡು ಮಾಡಿ, ಆ ದಿನಗಳಲ್ಲಿ ಗಾತ್ರಕ್ಕೆ ತಕ್ಕಂತೆ ಮರಿಗಳನ್ನು ವಿಂಗಡಿಸಿ ಬೇರೆ ಬೇರೆ ಹಾಪಾದಲ್ಲಿ ಇಡಿ.